ಪುನಶ್ಚೇತನ ವಾರ್ಡಿನಲ್ಲಿ ಕೆಲವು ವಾರ



ನಿಮ್ಮಲ್ಲಿ ಮಲೆನಾಡು, ಕರಾವಳಿಯ ಕಡೆಯವರಿಗೆ ಅಡಿಕೆ ಮರದಿಂದ ಬಿದ್ದ ಒಬ್ಬ ಕೊನೆಗಾರನ ಸುದ್ದಿಯಾದರೂ ಗೊತ್ತಿರಬಹುದು. ಪಟ್ಟಣದವರು ಕಟ್ಟಡದ ಸಾರುವೆಯಿಂದ ಜಾರಿದವರನ್ನು, ಬೈಕಿನಿಂದ ಬಿದ್ದವರನ್ನು ಕಂಡಿರುತ್ತೀರಿ. ಪೆಟ್ಟು ಬೆನ್ನುಮೂಳೆಯನ್ನು ಮುರಿದು ಅದರೊಳಗಿನ ಬೆನ್ನುಹುರಿಯನ್ನು ಜಜ್ಜಿದರೆ, ಆ ಜಾಗದಿಂದ ಕೆಳಗಿನ ಚಲನೆ, ಸ್ಪರ್ಶ ಎರಡೂ ಹೋಗಬಹುದು. ಹೀಗೆ ಬಿದ್ದವರಲ್ಲಿ ಹೆಚ್ಚಿನವರು ಮನೆಯ ದುಡಿಯುವ ಗಂಡಸರು. ಶಸ್ತ್ರಚಿಕಿತ್ಸೆ ಆಗುತ್ತದೆ, ಮೂಳೆಗೆ ಸರಳು, ಸ್ಕ್ರೂ ಹಾಕುತ್ತಾರೆ, ಹೊಲಿಗೆ ಬಿಚ್ಚುತ್ತಾರೆ. ಆಮೇಲೆ ಡಾಕ್ಟರು, "ಇನ್ನು ಪುನಶ್ಚೇತನ ವಿಭಾಗದಲ್ಲಿ ಕೆಲವು ವಾರ ಇರಬೇಕು" ಎನ್ನುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಮೊದಲಾದ ಕಡೆ ಇಂಥ ವಿಭಾಗಗಳಿವೆ. ಅಲ್ಲಿ ನಡೆಯುವುದೇನು? ರೋಗಿಯ ಜೊತೆ ಇರುವ ಪಾಳಿ ನಿಮ್ಮ ಪಾಲಿಗೂ ಬರಬಹುದಾದ್ದರಿಂದ ಸ್ವಲ್ಪ ವಿವರವಾಗಿಯೇ ನೋಡೋಣ.

ಇದನ್ನು ಕೆಲವರು ಪುನರ್ವಸತಿ ಎಂದೂ ಕರೆಯುತ್ತಾರೆ. ಆ ಮಾತು ಕೇಳಿದೊಡನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ನೆನಪಾಗುತ್ತದೆ. ನನಗಂತೂ ಆ ಹೋಲಿಕೆ ತಪ್ಪೆನಿಸುವುದಿಲ್ಲ. ಇಲ್ಲಿ ಮನುಷ್ಯ ತನ್ನ ಮೈಯಲ್ಲಿಯೇ ಹೊಸದಾಗಿ ನೆಲೆಸುವುದನ್ನು ಕಲಿಯಬೇಕು.

ಮೊದಲು ತಿಳಿದಿರಬೇಕಾದದ್ದು: ಇದು ಮಲಗಿ ಗುಣವಾಗುವ ವಾರ್ಡಲ್ಲ. ಹೆಚ್ಚುಕಡಿಮೆ ಶಾಲೆಯ ಹಾಗೆ ಇಲ್ಲಿ ವೇಳಾಪಟ್ಟಿ ಇರುತ್ತದೆ. ಬೆಳಿಗ್ಗೆ ಮಲಮೂತ್ರ, ಸ್ನಾನದ ಅಭ್ಯಾಸ. ಆಮೇಲೆ ವ್ಯಾಯಾಮ, ಮಧ್ಯಾಹ್ನ ಕೈಕೆಲಸದ ತರಬೇತಿ, ಸಂಜೆ ಗಾಲಿಕುರ್ಚಿ. ಡಾಕ್ಟರು, ನರ್ಸು, ಫಿಸಿಯೋಥೆರಪಿಸ್ಟ್, ಆಕ್ಯುಪೇಷನಲ್ ಥೆರಪಿಸ್ಟ್, ಮನಶ್ಶಾಸ್ತ್ರಜ್ಞ, ಕ್ಯಾಲಿಪರ್ ತಯಾರಿಸುವವರು, ಸಮಾಜ ಕಾರ್ಯಕರ್ತ ಎಲ್ಲರೂ ಆಗಾಗ ಒಟ್ಟಿಗೆ ಕೂತು ಒಬ್ಬ ರೋಗಿಯ ಬಗ್ಗೆ ಚರ್ಚಿಸುತ್ತಾರೆ. ಅಲ್ಲಿ "ಕಾಲು ಎಷ್ಟು ಸರಿಹೋಯಿತು" ಎಂಬುದಷ್ಟೇ ಪ್ರಶ್ನೆಯಲ್ಲ. ತಾನೇ ಮಗ್ಗುಲಾಗುತ್ತಾನೆಯೆ, ಹಾಸಿಗೆಯಿಂದ ಕುರ್ಚಿಗೆ ಬರುತ್ತಾನೆಯೆ, ಅಂಗಿ ತೊಡುತ್ತಾನೆಯೆ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಮನೆಯವರು ಕಾಯುವುದು ನಡಿಗೆಗಾಗಿ, ವಾರ್ಡು ಅಳೆಯುವುದು ದಿನಚರಿಯನ್ನು. ಈ ವ್ಯತ್ಯಾಸ ಮೊದಲೇ ತಿಳಿಯದೆ, "ಇಲ್ಲಿ ಏನೂ ಮಾಡುತ್ತಿಲ್ಲ" ಎಂದು ಅರ್ಧಕ್ಕೇ ಬಿಡಿಸಿಕೊಂಡು ಹೋಗುವವರುಂಟು.

ನಡಿಗೆಯ ಮಾತನ್ನು ಡಾಕ್ಟರು ತಪ್ಪಿಸುತ್ತಾರೆಂದಲ್ಲ. ಬೆನ್ನುಹುರಿ ಕಿರುಬೆರಳಿನಷ್ಟು ದಪ್ಪ, ಸುಮಾರು 45 ಸೆಂಟಿಮೀಟರ್ ಉದ್ದ. ಚರ್ಮ ಗಾಯವಾದರೆ ಕೂಡಿಕೊಳ್ಳುವ ಹಾಗೆ ಇದರ ನರತಂತುಗಳು ಕೂಡಿಕೊಳ್ಳುವುದಿಲ್ಲ. ಸೂಜಿ, ಹತ್ತಿ ಹಿಡಿದು ಕುತ್ತಿಗೆಯಿಂದ ಗುದದವರೆಗೆ ಪರೀಕ್ಷಿಸಿ, ಗಾಯದ ಕೆಳಗೆ ಸಂಜ್ಞೆ ಒಂದಿಷ್ಟಾದರೂ ಹಾಯುತ್ತಿದೆಯೆ ಎಂದು ನೋಡುತ್ತಾರೆ. ಹಾಯುತ್ತಿದ್ದರೆ ಚೇತರಿಕೆಯ ಅವಕಾಶ ಹೆಚ್ಚು, ಏನೂ ಇಲ್ಲದಿದ್ದರೆ ಬಹಳ ಕಡಿಮೆ. ಮರಳುವ ಶಕ್ತಿಯ ಬಹುಪಾಲು ಮೊದಲ ಒಂದು ವರ್ಷದೊಳಗೇ ಮರಳುತ್ತದೆ.

ಈ ನಡುವೆ ಮನೆಯವರನ್ನು ದಾರಿತಪ್ಪಿಸುವ ಒಂದು ಸಂಗತಿ ನಡೆಯುತ್ತದೆ. ಪೆಟ್ಟಾದ ಮೊದಲಿಗೆ ಕಾಲು ಹತ್ತಿಯ ಹಾಗೆ ಸಡಿಲವಾಗಿರುತ್ತದೆ. ಕೆಲವು ವಾರಗಳ ಬಳಿಕ ಒಂದು ದಿನ ತಾನಾಗಿಯೇ ಜಗ್ಗುತ್ತದೆ, ಮಡಚಿಕೊಳ್ಳುತ್ತದೆ. "ಕಾಲು ಬಂತು!" ಎಂದು ಊರಿಗೆ ಫೋನು ಹೋಗುತ್ತದೆ. ಆದರೆ ಗಾಯದ ಕೆಳಗಿನ ಬೆನ್ನುಹುರಿಗೆ ತನ್ನದೇ ಆದ ಪ್ರತಿವರ್ತನ ಕ್ರಿಯೆ ಇದೆ. ಮೊಣಕಾಲ ಚಿಪ್ಪಿನ ಕೆಳಗೆ ತಟ್ಟಿದರೆ ಕಾಲು ಚಿಮ್ಮುವುದನ್ನು ಜೀವಶಾಸ್ತ್ರದಲ್ಲಿ ಓದಿದ್ದೀರಲ್ಲ, ಅದೇ. ಮೆದುಳಿನ ಹಿಡಿತ ತಪ್ಪಿದಾಗ ಅದು ಅತಿಯಾಗುತ್ತದೆ. ಬೇಕೆಂದಾಗ ಬೆರಳು ಅಲುಗಿಸಲು ಬಂದರೆ ಅದು ಚೇತರಿಕೆ. ಬೇಡವೆಂದಾಗಲೂ ಜಗ್ಗಿದರೆ ಅದು ಸೆಡೆತ. ಈ ಒಂದು ವ್ಯತ್ಯಾಸ ತಿಳಿದ ಹುಡುಗನೋ ಹುಡುಗಿಯೋ ಮನೆಯಲ್ಲಿದ್ದರೆ ಎಷ್ಟೋ ನಿರಾಶೆ ತಪ್ಪುತ್ತದೆ.

ಇನ್ನು ವಾರ್ಡಿನಲ್ಲಿ ನಿಮಗೆ ಅತಿ ಎನಿಸುವ ನಿಯಮ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ರಾತ್ರಿಯೂ ಬಿಡುವಿಲ್ಲ. ನಾಳೆ ತರಗತಿಯಲ್ಲಿ ಒಂದು ಪೀರಿಯಡ್ಡಿನಲ್ಲಿ ನೀವು ಬೆಂಚಿನ ಮೇಲೆ ಎಷ್ಟು ಸಲ ಮಿಸುಕಾಡುತ್ತೀರೆಂದು ಎಣಿಸಿ ನೋಡಿ. ಒತ್ತಿದ ಜಾಗಕ್ಕೆ ರಕ್ತ ಕಡಿಮೆಯಾದೊಡನೆ ಅಲ್ಲಿಂದ ದೂರು ಹೋಗುತ್ತದೆ, ನಮಗರಿವಿಲ್ಲದೆಯೇ ಸರಿದು ಕೂರುತ್ತೇವೆ. ನಿದ್ದೆಯಲ್ಲೂ ಹೊರಳುತ್ತೇವೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಆ ದೂರು ತಲಪುವುದಿಲ್ಲ. ಬೆನ್ನಿನ ಕೆಳತುದಿ, ಹಿಮ್ಮಡಿ, ಕುಳಿತಾಗ ಪೃಷ್ಠದ ಮೂಳೆ, ಇಲ್ಲೆಲ್ಲ ಚರ್ಮ ಒಳಗೊಳಗೇ ಸಾಯುತ್ತದೆ. ಕೆಲವು ಗಂಟೆಗಳಲ್ಲಿ ಆದ ಹುಣ್ಣು ಮಾಯಲು ತಿಂಗಳುಗಟ್ಟಲೆ ಬೇಕಾಗಬಹುದು. ಅದಕ್ಕೇ ಗಾಲಿಕುರ್ಚಿಯಲ್ಲಿ ಕೂತವರು ಆಗಾಗ ತೋಳೂರಿ ಮೈಯನ್ನು ಎತ್ತಿ ಹಿಡಿಯುವುದು ಅಥವಾ ಮುಂದಕ್ಕೆ ಬಾಗುವುದು. ದಿನಕ್ಕೆರಡು ಬಾರಿ ಕನ್ನಡಿ ಹಿಡಿದು ಚರ್ಮ ನೋಡಿಕೊಳ್ಳುವುದನ್ನೂ ಕಲಿಸುತ್ತಾರೆ.

ಎಣ್ಣೆ ಹಚ್ಚಿ ಬಿಸಿ ಶಾಖ ಕೊಡುವುದು ನಮ್ಮ ಮನೆಗಳಲ್ಲಿ ಪ್ರೀತಿಯ ಕೆಲಸ. ಎಣ್ಣೆಗೆ ಯಾರ ತಕರಾರೂ ಇಲ್ಲ, ಶಾಖ ಮಾತ್ರ ಬೇಡ. ಬಿಸಿನೀರಿನ ಚೀಲ, ತೊಡೆಯ ಮೇಲಿಟ್ಟ ಬಿಸಿ ಅನ್ನದ ತಟ್ಟೆ, ಬಿಸಿಲಿಗೆ ಕಾದ ಜಗಲಿಕಲ್ಲು, ಸ್ಕೂಟರಿನ ಸೈಲೆನ್ಸರು, ಇವೆಲ್ಲ ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ.

ಎರಡು ಗಂಟೆಯ ಈ ನಿಯಮಕ್ಕೆ ಒಂದು ಇತಿಹಾಸವಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬೆನ್ನುಹುರಿಗೆ ಗುಂಡು ತಗುಲಿದ ಸೈನಿಕರಲ್ಲಿ ಹೆಚ್ಚಿನವರು ಬೇಗನೆ ಸಾಯುತ್ತಿದ್ದರು. ಕೊಲ್ಲುತ್ತಿದ್ದದ್ದು ಹಾಸಿಗೆ ಹುಣ್ಣಿನ ನಂಜು ಮತ್ತು ಮೂತ್ರಕೋಶದ ಸೋಂಕು. ಜರ್ಮನಿಯಿಂದ ಇಂಗ್ಲೆಂಡಿಗೆ ಆಶ್ರಯ ಬೇಡಿ ಬಂದ ಲುಡ್ವಿಗ್ ಗುಟ್‌ಮನ್ ಎಂಬ ನರವೈದ್ಯರು 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಬೆನ್ನುಹುರಿ ವಿಭಾಗದ ಹೊಣೆ ಹೊತ್ತರು. ಹಗಲೂ ರಾತ್ರಿ ರೋಗಿಗಳನ್ನು ಹೊರಳಿಸುವ ಕಟ್ಟುನಿಟ್ಟು ಅವರದು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, ಗಾಲಿಕುರ್ಚಿಯ 16 ಮಂದಿಗೆ ಬಿಲ್ಲುಗಾರಿಕೆಯ ಸ್ಪರ್ಧೆ ನಡೆಸಿದರು. ನೀವು ಟಿವಿಯಲ್ಲಿ ನೋಡುವ ಪ್ಯಾರಾಲಿಂಪಿಕ್ಸ್ ಬೆಳೆದದ್ದು ಆ ಆಸ್ಪತ್ರೆಯ ಅಂಗಳದಿಂದ.

ಮೂತ್ರದ ವಿಷಯ ಮಾತಾಡಲು ನಾಚಿಕೆ, ಆದರೆ ಆಯುಸ್ಸಿನ ಪ್ರಶ್ನೆ ಇರುವುದು ಅಲ್ಲಿಯೇ. ಮೂತ್ರಕೋಶ ತುಂಬಿದ್ದು ಮೆದುಳಿಗೆ ತಿಳಿಯದು, ಖಾಲಿ ಮಾಡುವ ಅಪ್ಪಣೆಯೂ ಕೆಳಗಿಳಿಯದು. ತುಂಬಿ ಉಬ್ಬಿದರೆ ಒತ್ತಡ ಹಿಂದಕ್ಕೆ ತಿರುಗಿ ಮೂತ್ರಪಿಂಡಗಳು ಕೆಡುತ್ತವೆ. ಆದ್ದರಿಂದ ನಾಲ್ಕರಿಂದ ಆರು ಗಂಟೆಗೊಮ್ಮೆ ತೆಳುವಾದ ಕ್ಯಾಥೆಟರ್ ಕೊಳವೆ ಹಾಕಿ ಮೂತ್ರ ತೆಗೆದು, ಮತ್ತೆ ಕೊಳವೆ ಹೊರತೆಗೆಯುತ್ತಾರೆ. ಶಸ್ತ್ರಚಿಕಿತ್ಸೆಯ ಕೊಠಡಿಯಂಥ ನಿರ್ಜಂತುಕ ವ್ಯವಸ್ಥೆ ಇದಕ್ಕೆ ಬೇಕಿಲ್ಲ, ಸೋಪಿನಿಂದ ತೊಳೆದ ಕೈ, ಶುಚಿಯಾದ ಕೊಳವೆ ಸಾಕು ಎಂದು ಅಮೆರಿಕದ ಜ್ಯಾಕ್ ಲಾಪಿಡಿಸ್ 1972ರಲ್ಲಿ ತೋರಿಸಿದರು. ಹಳ್ಳಿಯ ಮನೆಯಲ್ಲೂ ರೋಗಿ ತಾನೇ ಮಾಡಿಕೊಳ್ಳುವಂತಾದದ್ದು ಇದರಿಂದ. ನೀರನ್ನೂ ಗಡಿಯಾರ ನೋಡಿ ಕುಡಿಯಬೇಕು, ಒಂದೇ ಸಲಕ್ಕೆ ಒಂದು ಚೊಂಬಲ್ಲ. ಮಲವಿಸರ್ಜನೆಗೂ ದಿನದ ಒಂದೇ ಹೊತ್ತು ಗೊತ್ತುಮಾಡುತ್ತಾರೆ. ಊಟವಾದೊಡನೆ ಕರುಳು ಚುರುಕಾಗುವುದರಿಂದ ಆ ಹೊತ್ತು ಒಳ್ಳೆಯದು.

ಕೂರುವುದೂ ಒಂದು ಪಾಠ. ವಾರಗಟ್ಟಲೆ ಮಲಗಿದವರನ್ನು ಥಟ್ಟನೆ ಎಬ್ಬಿಸಿದರೆ ರಕ್ತ ಕಾಲಿಗಿಳಿದು ಕಣ್ಣು ಕತ್ತಲಾಗುತ್ತದೆ. ಅದಕ್ಕಾಗಿ ಪಟ್ಟಿ ಕಟ್ಟಿ ಮಲಗಿಸಿ, ನಿಧಾನವಾಗಿ ಓರೆಯಾಗಿ ಎತ್ತುವ ಮೇಜಿದೆ. ಇವತ್ತು 30 ಡಿಗ್ರಿ, ತಡೆದುಕೊಂಡರೆ ನಾಳೆ 40. ಇದಾದ ಮೇಲೆ ತೋಳು, ಭುಜಗಳ ಬಲವರ್ಧನೆ. ಸೊಂಟ ಅಥವಾ ಎದೆಯ ಕೆಳಭಾಗದ ಪೆಟ್ಟಾದರೆ ತೋಳಿನ ಬಲದಿಂದಲೇ ಹಾಸಿಗೆಯಿಂದ ಕುರ್ಚಿಗೆ ದಾಟಬಹುದು, ಸ್ನಾನ ಮಾಡಬಹುದು, ಅಡುಗೆಯನ್ನೂ ಮಾಡಬಹುದು.

ಪೆಟ್ಟು ಕುತ್ತಿಗೆಗಾದರೆ ಕೈಯೂ ಸೋಲುತ್ತದೆ. ಅಲ್ಲಿ ಒಂದು ಸೊಗಸಾದ ಉಪಾಯವಿದೆ, ನಿಮ್ಮ ಕೈಯಲ್ಲೇ ನೋಡಿ. ಬೆರಳುಗಳನ್ನು ಪೂರ್ತಿ ಸಡಿಲ ಬಿಡಿ. ಈಗ ಮಣಿಕಟ್ಟನ್ನು ಮಾತ್ರ ಹಿಂದಕ್ಕೆ ಎತ್ತಿ. ಬೆರಳು ತಾನಾಗಿ ಮಡಚಿತಲ್ಲವೆ? ಬೆರಳಿಗೆ ಬಲವಿಲ್ಲದಿದ್ದರೂ ಮಣಿಕಟ್ಟು ಎತ್ತಬಲ್ಲವರು ಈ ಹಿಡಿತದಿಂದ ಚಮಚ ಹಿಡಿಯುತ್ತಾರೆ, ಪೆನ್ನು ಹಿಡಿಯುತ್ತಾರೆ. ಅದಕ್ಕಾಗಿಯೇ ಅಂಥವರ ಬೆರಳನ್ನೂ ಮಣಿಕಟ್ಟನ್ನೂ ಒಟ್ಟಿಗೆ ಹಿಂದಕ್ಕೆ ಎಳೆದು ನೀವಬೇಡಿ ಎನ್ನುತ್ತಾರೆ. ಸ್ನಾಯುರಜ್ಜು ಸಡಿಲವಾದರೆ ಆ ಹಿಡಿತವೂ ಹೋಗುತ್ತದೆ.

ನಮ್ಮ ಮಾಧ್ಯಮದ ಒಂದು ಮಿತಿಯನ್ನು ಇಲ್ಲಿ ಹೇಳಬೇಕು. ಕ್ಯಾಮರಾಕ್ಕೆ ಎದ್ದು ನಡೆಯುವವರು ಬೇಕು. ಮೂರನೆಯ ವಾರದಲ್ಲಿ ಒಬ್ಬ ಯುವಕ ಯಾರ ಸಹಾಯವೂ ಇಲ್ಲದೆ ಹಲಗೆಯ ಮೇಲೆ ಜಾರಿ ಕುರ್ಚಿಗೆ ಬಂದದ್ದು ತೆರೆಯ ಮೇಲೆ ಅರ್ಧ ನಿಮಿಷವೂ ನಿಲ್ಲುವುದಿಲ್ಲ. ಆದರೆ ಅವನ ತಾಯಿ ಇನ್ನು ಮುಂದೆ ಅವನನ್ನು ಎತ್ತಬೇಕಾಗಿಲ್ಲ ಎಂಬುದೇ ಆ ದಿನದ ದೊಡ್ಡ ಸುದ್ದಿ.

ಮನಸ್ಸಿನ ಮಾತು ಬಂದಾಗ ಮಂತ್ರದಂಥ ಧೈರ್ಯ ಯಾರಲ್ಲೂ ಇರುವುದಿಲ್ಲ. ಸಿಟ್ಟು, ಮೌನ, ಊಟ ಬೇಡವೆನ್ನುವುದು ಎಲ್ಲ ಬರುತ್ತವೆ. ಸಾಯುವ ಮಾತು ಬಂದರೆ ಅದನ್ನು ಮುಚ್ಚಿಡದೆ ನರ್ಸಿಗೆ, ಡಾಕ್ಟರಿಗೆ ಆಗಲೇ ತಿಳಿಸಿ. "ಎಲ್ಲ ಸರಿಹೋಗುತ್ತೆ ಮಾವ" ಎಂಬ ನಿಮ್ಮ ಸಮಾಧಾನಕ್ಕಿಂತ ಪಕ್ಕದ ಹಾಸಿಗೆಯವನು ಎರಡು ತಿಂಗಳ ಮುಂಚೆ ತಾನೂ ಹೀಗೇ ಇದ್ದೆ ಎಂದು ಹೇಳುವುದು ಹೆಚ್ಚು ನಾಟುತ್ತದೆ. ವೆಲ್ಲೂರಿನ ಡಾ. ಮೇರಿ ವರ್ಗೀಸ್ ಅವರ ಬಾಳು ಇದಕ್ಕೆ ಸಾಕ್ಷಿ. 1954ರ ವಾಹನ ಅಪಘಾತದಲ್ಲಿ ಈ ಯುವ ವೈದ್ಯೆಯ ಸೊಂಟದ ಕೆಳಗಿನ ಶಕ್ತಿ ಹೋಯಿತು. ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ನ್ಯೂಯಾರ್ಕಿನಲ್ಲಿ ಪುನಶ್ಚೇತನ ವೈದ್ಯಶಾಸ್ತ್ರ ಕಲಿತು ಬಂದರು. 1966ರಲ್ಲಿ ವೆಲ್ಲೂರಿನಲ್ಲಿ ಒಳರೋಗಿಗಳ ಪುನಶ್ಚೇತನ ಸಂಸ್ಥೆ ತೆರೆದಾಗ ಅದರ ಹಿಂದಿನ ಶಕ್ತಿ ಅವರೇ. ಅಲ್ಲಿನ ರೋಗಿಗಳ ಎದುರು ಬರುತ್ತಿದ್ದ ಡಾಕ್ಟರೇ ಗಾಲಿಕುರ್ಚಿಯಲ್ಲಿದ್ದರು!

ಬಿಡುಗಡೆಯ ಸಿದ್ಧತೆ ಸೇರಿದ ಮೊದಲ ವಾರವೇ ಶುರುವಾಗಬೇಕು, ಇದರಲ್ಲಿ ನಿಮ್ಮ ಪಾತ್ರ ದೊಡ್ಡದು. ಮನೆಗೆ ಹೋದಾಗ ಟೇಪು ಹಿಡಿದು ಬಾಗಿಲುಗಳ ಅಗಲ ಅಳೆದು ತನ್ನಿ. ಗಾಲಿಕುರ್ಚಿ ಹಾಯಲು ಸುಮಾರು 80 ಸೆಂಟಿಮೀಟರ್ ಬೇಕು. ಬಚ್ಚಲ ಬಾಗಿಲು ಸಾಮಾನ್ಯವಾಗಿ ಅಷ್ಟಿರುವುದಿಲ್ಲ. ಮೆಟ್ಟಿಲಿನ ಬದಲು ಇಳಿಜಾರು ಕಟ್ಟುವುದಾದರೆ ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದ ಲೆಕ್ಕ. ಆರಂಗುಲದ ಮೂರು ಮೆಟ್ಟಿಲಿನ ಜಗಲಿಗೆ ಹದಿನೆಂಟಡಿ! ಅಷ್ಟು ಅಂಗಳವಿಲ್ಲದಿದ್ದರೆ ತಿರುವು ಕೊಡಬೇಕಾದೀತು. ಇದನ್ನು ಕಾಗದದ ಮೇಲೆ ಬರೆದು ಥೆರಪಿಸ್ಟರಿಗೆ ತೋರಿಸಿ. ಸಾಧ್ಯವಾದರೆ ಬಿಡುಗಡೆಗೆ ಮೊದಲು ಒಂದೆರಡು ದಿನ ಮನೆಗೆ ಕಳಿಸಿ ಎಂದೂ ಕೇಳಬಹುದು. ತೊಡಕು ಯಾವುದೆಂದು ಆಗ ತಾನಾಗಿ ಗೊತ್ತಾಗುತ್ತದೆ.

ಬಿದ್ದವರು ನಿಮ್ಮ ಸಹಪಾಠಿಯೇ ಆಗಿದ್ದರೆ, ಓದು ಮುಗಿಯಿತೆಂದು ಅವರೂ ನೀವೂ ತಿಳಿಯಬೇಕಾಗಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಶೇಕಡಾ 40 ಮತ್ತು ಅದಕ್ಕಿಂತ ಹೆಚ್ಚಿನ ನ್ಯೂನತೆಯುಳ್ಳವರಿಗೆ ಸರಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡಾ 5 ಸೀಟು, ಸರಕಾರಿ ಹುದ್ದೆಗಳಲ್ಲಿ ಶೇಕಡಾ 4 ಮೀಸಲು. ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡಿನ ಅರ್ಜಿಯ ಬಗ್ಗೆ ವಾರ್ಡಿನ ಸಮಾಜ ಕಾರ್ಯಕರ್ತರನ್ನೇ ಕೇಳಿ.

ಮನೆಗೆ ಬಂದ ಮೇಲೆ ಕಾಯಬಾರದ ಕೆಲವು ಲಕ್ಷಣಗಳನ್ನು ಗೋಡೆಗೆ ಅಂಟಿಸಿಡಿ. ಒತ್ತಡ ತೆಗೆದು ಅರ್ಧ ಗಂಟೆಯಾದರೂ ಹೋಗದ ಕೆಂಪು ಅಥವಾ ಕಪ್ಪು ಕಲೆ. ಜ್ವರದೊಂದಿಗೆ ಕದಡಿದ, ವಾಸನೆಯ ಮೂತ್ರ. ಒಂದು ಕಾಲು ಮಾತ್ರ ಊದಿಕೊಳ್ಳುವುದು. ಇನ್ನು ಪೆಟ್ಟು ಎದೆಯ ಆರನೆಯ ಕಶೇರುಕದಲ್ಲಿ ಅಥವಾ ಅದಕ್ಕಿಂತ ಮೇಲೆ ಆಗಿದ್ದವರಲ್ಲಿ ಇದ್ದಕ್ಕಿದ್ದಂತೆ ಸಿಡಿಯುವ ತಲೆನೋವು, ಮುಖದಲ್ಲಿ ಬೆವರು. ಇದು ರಕ್ತದೊತ್ತಡ ಏರಿದ ಗುರುತು. ಕೂಡಲೇ ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರ ಕಟ್ಟಿದೆಯೆ ಅಥವಾ ಕೊಳವೆ ಮಡಚಿಕೊಂಡಿದೆಯೆ ನೋಡಿ. ಆಗಲೂ ಇಳಿಯದಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ, ದಾರಿಯಲ್ಲಿ ಮಲಗಿಸಬೇಡಿ.