ಚೌಕಕ್ಕೆ ಎರಡೇ ಬಣ್ಣ

1982ರಲ್ಲಿ ಇಂಗ್ಲೆಂಡಿನ ಸಿಂಕ್ಲೇರ್ ಸಂಸ್ಥೆ ಹೊರತಂದ ಜೆಡ್ಎಕ್ಸ್ ಸ್ಪೆಕ್ಟ್ರಂ ಗಣಕಯಂತ್ರದ ಬೆಲೆ 125 ಪೌಂಡು. ಸ್ಮರಣಶಕ್ತಿಯೋ, ಕೇವಲ 16 ಕಿಲೋಬೈಟು! (175 ಪೌಂಡು ತೆರಬಲ್ಲವರಿಗೆ 48 ದೊರೆಯುತ್ತಿತ್ತು.) ಕೀಲಿಗಳು ರಬ್ಬರಿನವು; ಪರದೆಗೆ ಮನೆಯ ಟೆಲಿವಿಷನ್, ಆಟಗಳಿಗೆ ಹಾಡು ಕೇಳುವ ಕ್ಯಾಸೆಟ್ಟು.

ಪರದೆಯ ಚಿತ್ರವೊಂದೇ 6,912 ಬೈಟುಗಳನ್ನು ನುಂಗುತ್ತಿತ್ತು. ಆ ಬಡತನದಲ್ಲಿಯೂ ಬಣ್ಣ ಬೇಕಲ್ಲ! ಅಗಲಕ್ಕೆ ಎಂಟು, ಎತ್ತರಕ್ಕೆ ಎಂಟು ಚುಕ್ಕೆಗಳ ಒಂದೊಂದು ಚೌಕಕ್ಕೂ ಎರಡೇ ಬಣ್ಣವೆಂದು ಕಟ್ಟಳೆಯಾಯಿತು. ಹೀಗಾಗಿ ಹಳದಿಯ ವೀರನು ಹಸುರು ಮರದ ಬಳಿ ಸುಳಿದರೆ ಮರವೂ ಹಳದಿಯಾಗುತ್ತಿತ್ತು. ಇಲ್ಲವೆ ವೀರನೇ ಹಸುರಾಗುತ್ತಿದ್ದನು.

1984ರ ‘ನೈಟ್ ಲೋರ್’ ಆಟದ ಕರ್ತೃಗಳು ಉಪಾಯ ಹೂಡಿದರು: ಕೋಣೆಯೊಂದಕ್ಕೆ ಒಂದೇ ಬಣ್ಣ. ಬೆರೆಯುವ ಭಯ ಅಳಿಯಿತು. ಕಲ್ಲು, ಗೋಡೆ, ಕಮಾನುಗಳೆಲ್ಲ ಕಪ್ಪು ಪರದೆಯ ಮೇಲೆ ಉಬ್ಬುಶಿಲ್ಪದಂತೆ ಎದ್ದುನಿಂತವು.