ಡಿಎಪಿ ಹಾಕಿದ ಮೇಲೆ ಯೂರಿಯಾ ಎಷ್ಟು ಬೇಕು? ಮೊಬೈಲಲ್ಲೇ ಲೆಕ್ಕ ಹಾಕಿ

ಮೆಕ್ಕೆಜೋಳಕ್ಕೆ ಎಕರೆಗೆ 60 ಕೆಜಿ ಸಾರಜನಕ, 30 ಕೆಜಿ ರಂಜಕ, 15 ಕೆಜಿ ಪೊಟ್ಯಾಷ್ ಕೊಡಿ ಅಂತ ನಿಮಗೆ ಶಿಫಾರಸು ಬಂದಿದೆ ಅಂದುಕೊಳ್ಳಿ. ಅಂಗಡಿಗೆ ಹೋದರೆ ಸಾರಜನಕದ ಚೀಲ ಅಂತ ಯಾವುದೂ ಇರೋದಿಲ್ಲ. ಇರೋದು ಯೂರಿಯಾ, ಡಿಎಪಿ, ಕಾಂಪ್ಲೆಕ್ಸ್. ಶಿಫಾರಸನ್ನು ಚೀಲಕ್ಕೆ ಇಳಿಸುವಾಗಲೇ ಬಹಳ ಜನ ಎಡವೋದು.

ಯೂರಿಯಾದಲ್ಲಿ ಸಾರಜನಕ 46%. ಹಾಗಾಗಿ 60 ಅನ್ನು 0.46ರಿಂದ ಭಾಗಿಸಿ 130 ಕೆಜಿ ಯೂರಿಯಾ ಅಂತ ತೀರ್ಮಾನ ಮಾಡ್ತಾರೆ. ರಂಜಕಕ್ಕೆ ಬೇರೆ ಡಿಎಪಿ ತರ್ತಾರೆ. ಆದರೆ ಡಿಎಪಿ ಚೀಲದ ಮೇಲೆ 18:46:0 ಅಂತ ಇರುತ್ತಲ್ಲ, ಆ ಮೊದಲ 18 ಸಾರಜನಕವೇ! ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಯೂರಿಯಾ ಜಾಸ್ತಿ ಬೀಳುತ್ತೆ. ಬೆಳೆ ಸೊಕ್ಕಿ ಬೆಳೆದು, ಗಾಳಿ ಬಂದಾಗ ಮಲಗುತ್ತೆ.

ಸರಿಯಾದ ಲೆಕ್ಕ ಒಂದೇ ಸಾಲಿನದು. ಸಾ ಅಂದರೆ ಒಟ್ಟು ಸಾರಜನಕ, ಡಿ ಅಂದರೆ ಡಿಎಪಿ, ಯೂ ಅಂದರೆ ಯೂರಿಯಾ. ಎಲ್ಲಾ ಕೆಜಿಯಲ್ಲಿ.

ಸಾ = 0.18 × ಡಿ + 0.46 × ಯೂ

ನಮಗೆ ಬೇಕಾಗಿರೋದು ಯೂ. ಅದನ್ನು ಒಂಟಿಯಾಗಿ ನಿಲ್ಲಿಸಬೇಕು. ಸಮ ಚಿಹ್ನೆಯ ಎರಡೂ ಕಡೆ ಒಂದೇ ಕೆಲಸ ಮಾಡಿದರೆ ತಕ್ಕಡಿ ವಾಲೋದಿಲ್ಲ. ಮೊದಲು ಎರಡೂ ಕಡೆಯಿಂದ 0.18 × ಡಿ ಕಳೆಯಿರಿ. ಆಮೇಲೆ ಎರಡೂ ಕಡೆ 0.46ರಿಂದ ಭಾಗಿಸಿ.

ಯೂ = (ಸಾ − 0.18 × ಡಿ) ÷ 0.46

ಹೊಲದ ಮಾತಲ್ಲಿ ಹೇಳೋದಾದ್ರೆ, ಮೊದಲು ಡಿಎಪಿ ಕೊಡುವ ಪಾಲನ್ನು ತೆಗೆಯಿರಿ, ಉಳಿದದ್ದನ್ನು ಯೂರಿಯಾಕ್ಕೆ ತಿರುಗಿಸಿ. 30 ಕೆಜಿ ರಂಜಕಕ್ಕೆ 30 ÷ 0.46, ಅಂದರೆ ಸುಮಾರು 65 ಕೆಜಿ ಡಿಎಪಿ ಬೇಕು. ಅದರಲ್ಲೇ 11.7 ಕೆಜಿ ಸಾರಜನಕ ಬಂತು. ಉಳಿದದ್ದು 48.3. ಅದನ್ನು 0.46ರಿಂದ ಭಾಗಿಸಿದರೆ 105 ಕೆಜಿ ಯೂರಿಯಾ. ಎಕರೆಗೆ 25 ಕೆಜಿ ಉಳೀತು. ನಾಲ್ಕು ಎಕರೆ ಇದ್ದರೆ 45 ಕೆಜಿಯ ಎರಡು ಚೀಲಕ್ಕಿಂತ ಜಾಸ್ತಿ. (ಪೊಟ್ಯಾಷ್ ಇಲ್ಲಿ ಅಡ್ಡ ಬರಲ್ಲ. 60%ನ ಎಂಒಪಿ 25 ಕೆಜಿ ಸಾಕು.) ಈ 105 ಕೆಜಿಯನ್ನು ಒಂದೇ ಸಲ ಸುರಿಯಬೇಡಿ, ಕಂತುಗಳಲ್ಲಿ ಕೊಡಿ.

ಮೊಬೈಲ್ ಕ್ಯಾಲ್ಕ್ಯುಲೇಟರಲ್ಲಿ ಆವರಣ ಚಿಹ್ನೆ ಮರೀಬೇಡಿ. 60 − 0.18 × 65 ÷ 0.46 ಅಂತ ಸುಮ್ಮನೆ ಒತ್ತಿದರೆ ಅದು 34.6 ತೋರಿಸುತ್ತೆ, ಯಾಕಂದ್ರೆ ಅದು ಗುಣಾಕಾರ, ಭಾಗಾಕಾರ ಮೊದಲು ಮಾಡುತ್ತೆ. ಅದನ್ನು ನಂಬಿದರೆ ಬೆಳೆಗೆ ಅರ್ಧ ಸಾರಜನಕವೂ ಸಿಗಲ್ಲ. ಕೆಳಗಿನ ಎಲೆಗಳು ತುದಿಯಿಂದ ನಡುನರದ ಗುಂಟ ಹಳದಿಯಾಗುತ್ತಾ ಬರ್ತವೆ. ಉತ್ತರ ಬಂದ ಮೇಲೆ ಮೊದಲ ಸಾಲಿಗೇ ಹಾಕಿ ನೋಡಿ: 11.7 + 48.3 = 60. ಸರಿಹೋಯ್ತು.

ಈಗ ಅಂಗಡಿಯಲ್ಲಿ ಎಕರೆಗೆ ಎರಡೇ ಚೀಲ, 90 ಕೆಜಿ ಯೂರಿಯಾ ಸಿಕ್ಕಿತು ಅನ್ನಿ. ಕೊರತೆಯನ್ನು ಡಿಎಪಿಯಿಂದ ತುಂಬಬಹುದಾ? ಅದೇ ಸಾಲಲ್ಲಿ ಈ ಸಲ ಡಿ ಅನ್ನು ಒಂಟಿ ಮಾಡಿ.

ಡಿ = (ಸಾ − 0.46 × ಯೂ) ÷ 0.18

ಉತ್ತರ 103 ಕೆಜಿ. ಅಂದರೆ 38 ಕೆಜಿ ಡಿಎಪಿ ಹೆಚ್ಚಿಗೆ. ಚೀಲಕ್ಕೆ 1350 ರೂಪಾಯಿ ಲೆಕ್ಕದಲ್ಲಿ ಸಾವಿರದ ಮೇಲೆ ಖರ್ಚು. ಅಷ್ಟು ಸಾರಜನಕ 15 ಕೆಜಿ ಯೂರಿಯಾದಲ್ಲಿ ಸುಮಾರು ತೊಂಬತ್ತು ರೂಪಾಯಿಗೆ ಸಿಗುತ್ತೆ! ಲೆಕ್ಕ ಸರಿ, ವ್ಯವಹಾರ ಸರಿಯಿಲ್ಲ. ಬೇಡದ ರಂಜಕವೂ ಹೊಲ ಸೇರುತ್ತೆ.

ಅದರ ಬದಲು 20:20:0:13 ಇದೆಯಾ ಕೇಳಿ. ಯೂರಿಯಾದ ಸೂತ್ರದಲ್ಲಿ 0.18 ಇದ್ದ ಕಡೆ 0.20 ಹಾಕಿದರಾಯ್ತು. 30 ಕೆಜಿ ರಂಜಕಕ್ಕೆ 150 ಕೆಜಿ, ಸರಿಯಾಗಿ ಮೂರು ಚೀಲ. ಅದರಲ್ಲಿ 30 ಕೆಜಿ ಸಾರಜನಕ ಬಂತು, ಇನ್ನುಳಿದ 30ಕ್ಕೆ ಯೂರಿಯಾ ಬರೀ 65 ಕೆಜಿ. ಸಿಕ್ಕ ಎರಡು ಚೀಲದಲ್ಲೇ ಮುಗೀತು. ಮೂರು ಚೀಲದ ಒಟ್ಟು ಬೆಲೆಯನ್ನು ಡಿಎಪಿ ಖರ್ಚಿನ ಜೊತೆ ಹೋಲಿಸಿ ತಗೊಳ್ಳಿ. ಹೋಲಿಸುವಾಗ ಕೊನೆಯ 13 ಮರೀಬೇಡಿ, ಅದು ಗಂಧಕ: 150 ಕೆಜಿಯಲ್ಲಿ 19.5 ಕೆಜಿ. ಗಂಧಕವನ್ನು ಬೇರೆಯಾಗಿ ಕೊಳ್ಳುವವರಾದರೆ ಆ ದುಡ್ಡನ್ನೂ ಲೆಕ್ಕಕ್ಕೆ ಸೇರಿಸಿ.