ಲಕ್ವದಂತೆ ಕಂಡರೂ ಲಕ್ವವಲ್ಲ

ಲಕ್ವವೆಂದರೆ ವಯಸ್ಸಾದವರ ಕಾಯಿಲೆ, ಬಿ.ಪಿ. ಅಥವಾ ಸಕ್ಕರೆ ಕಾಯಿಲೆ ಇದ್ದವರಿಗೆ ಬರುವಂಥದ್ದು ಎಂದೇ ನಾವು ತಿಳಿದಿದ್ದೇವೆ. ಹೀಗಿರುವಾಗ ಶಾಲೆಗೆ ಹೋಗುವ ಮಗುವಿಗೆ ವಿಪರೀತ ತಲೆನೋವು, ವಾಂತಿ, ಫಿಟ್ಸ್ ಬಂದು, ಕಣ್ಣು ಮಂಜಾಗಿ, ಒಂದು ಕೈ ಸೋತರೆ ಮನೆಯವರಿಗೆ ದಿಕ್ಕೇ ತೋಚದು. ಇಂಥವರಲ್ಲಿ ಕೆಲವರಿಗೆ ಇರುವುದು 'ಮೆಲಾಸ್' ಎಂಬ ಅಪರೂಪದ ಕಾಯಿಲೆ. ಈ ಹೆಸರು ಬಂದದ್ದು 1984ರಲ್ಲಿ.

ನಮ್ಮ ಜೀವಕೋಶಗಳಲ್ಲಿ ಮೈಟೋಕಾಂಡ್ರಿಯ ಎಂಬ ಪುಟ್ಟ ಒಲೆಗಳಿವೆ. ಆಮ್ಲಜನಕ ಬಳಸಿ, ತಿಂದದ್ದನ್ನು ಉರಿಸಿ ಶಕ್ತಿ ಕೊಡುವವು ಇವೇ. ಮೆಲಾಸ್‌ನಲ್ಲಿ ಒಲೆ ಸರಿಯಾಗಿ ಉರಿಯದು. ಹಸಿ ಕಟ್ಟಿಗೆಯ ಹೊಗೆಯಂತೆ ಲ್ಯಾಕ್ಟಿಕ್ ಆಮ್ಲ ಸೇರಿಕೊಳ್ಳುತ್ತದೆ. ದೇಹದ ತೂಕದಲ್ಲಿ ಮಿದುಳಿನ ಪಾಲು ಶೇ. 2 ಮಾತ್ರ, ಆದರೆ ಆಮ್ಲಜನಕದಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ಪೆಟ್ಟು ಬೀಳುವುದೂ ಅದಕ್ಕೇ.

ಸಾಮಾನ್ಯ ಲಕ್ವದಲ್ಲಿ ರಕ್ತನಾಳ ಕಟ್ಟಿಕೊಂಡು ಆ ಭಾಗಕ್ಕೆ ರಕ್ತ ಸಾಲದಾಗುತ್ತದೆ. ಮೆಲಾಸ್‌ನಲ್ಲಿ ನಡೆಯುವುದು ತಿರುಗುಮುರುಗು. ಮೊದಲ ದಿನಗಳಲ್ಲಿ ಕೆಟ್ಟ ಭಾಗಕ್ಕೇ ರಕ್ತ ಹೆಚ್ಚಾಗಿ ಹರಿಯುವುದು ಸ್ಕ್ಯಾನ್‌ನಲ್ಲಿ ಬಹಳ ಸಲ ಕಾಣುತ್ತದೆ. ಕಾಲುವೆ ತುಂಬಿ ಹರಿದರೂ ಬೇರು ಕೊಳೆತ ಪೈರು ಬಾಡುವುದಿಲ್ಲವೇ, ಹಾಗೆ. ಕಾಲ ಕಳೆದಂತೆ ಅಲ್ಲಿ ಹರಿವು ತಗ್ಗುತ್ತದೆ. ಕೆಟ್ಟ ಜಾಗವೂ ಯಾವುದೋ ಒಂದು ರಕ್ತನಾಳದ ಎಲ್ಲೆಯೊಳಗೆ ನಿಲ್ಲದು. ಔಷಧಿ ಚುಚ್ಚದೆಯೇ ಈ ಹರಿವನ್ನು ಎಂ.ಆರ್.ಐ.ನಲ್ಲಿ ಅಳೆಯುವ ವಿಧಾನ ಈಗ ಇದೆ. ಹೆಚ್ಚಿದ ಹರಿವಿಗೆ ಸೇರಿಕೊಂಡ ಆಮ್ಲ, ಫಿಟ್ಸ್, ಸೂಕ್ಷ್ಮ ನಾಳಗಳ ದೋಷ, ಇವುಗಳಲ್ಲಿ ಯಾವುದು ಎಷ್ಟು ಕಾರಣ ಎಂಬ ಚರ್ಚೆ ಮುಗಿದಿಲ್ಲ.

ಈ ವ್ಯತ್ಯಾಸ ತಿಳಿಯದಿದ್ದರೆ ಚಿಕಿತ್ಸೆಯೇ ದಾರಿ ತಪ್ಪೀತು. ಇಲ್ಲಿ ಕರಗಿಸಲು ಹೆಪ್ಪುಗಟ್ಟಿದ ರಕ್ತವಿಲ್ಲ. ಫಿಟ್ಸ್ ನಿಲ್ಲಿಸುವುದು ಮುಖ್ಯ. ಅದಕ್ಕೂ ವಾಲ್ಪ್ರೊಯೇಟ್ ಔಷಧಿಯನ್ನು ವೈದ್ಯರು ಸಾಮಾನ್ಯವಾಗಿ ದೂರವಿಡುತ್ತಾರೆ (ಹಾಗೆಂದು ನಡೆಯುತ್ತಿರುವ ಮಾತ್ರೆಯನ್ನು ನಾವಾಗಿ ನಿಲ್ಲಿಸಬಾರದು). ಆರ್ಜಿನಿನ್ ಕೊಡುವುದುಂಟು. ದಾಳಿ ಮರುಕಳಿಸದಂತೆ ಟಾರಿನ್ ಕೊಡಲು ಜಪಾನ್ 2019ರಲ್ಲಿ ಒಪ್ಪಿಗೆ ನೀಡಿತು. ಪೂರ್ಣ ಗುಣಪಡಿಸುವ ಮದ್ದು ಇನ್ನೂ ಇಲ್ಲ.

ಇನ್ನೊಂದು ಮಾತು, ಇದೇ ನಮಗೆ ಕಷ್ಟದ್ದು. ಮೈಟೋಕಾಂಡ್ರಿಯ ನಮಗೆ ಬರುವುದು ತಾಯಿಯಿಂದ. ಅದರ ಡಿ.ಎನ್.ಎ.ಯಲ್ಲಿ ಒಂದೇ ಒಂದು ಅಕ್ಷರ ಬದಲಾದದ್ದನ್ನು 1990ರಲ್ಲಿ ಜಪಾನಿನ ಸಂಶೋಧಕರು ಗುರುತಿಸಿದರು. ಹೆಚ್ಚಿನ ರೋಗಿಗಳಲ್ಲಿ ಇರುವುದು ಅದೇ. ಇಷ್ಟು ಕೇಳಿದರೆ ಸಾಕು, ಸೊಸೆಯ ತವರಿನ ಮೇಲೆ ತಪ್ಪು ಹೊರಿಸುವ ಮಾತು ನಮ್ಮ ಮನೆಗಳಲ್ಲಿ ಬೇಗ ನಾಲಿಗೆಗೆ ಬರುತ್ತದೆ. ಆ ತಾಯಿ ಇದನ್ನು ಕೇಳಿ ಪಡೆದವಳಲ್ಲ. ತನ್ನಲ್ಲಿದೆ ಎಂಬುದೇ ಅವಳಿಗೆ ಎಷ್ಟೋ ಸಲ ಗೊತ್ತಿರುವುದಿಲ್ಲ. ದೋಷದ ಪ್ರಮಾಣ ಒಬ್ಬೊಬ್ಬರಲ್ಲಿ ಒಂದೊಂದು ತೆರನಾಗಿರುವುದರಿಂದ, ಒಡಹುಟ್ಟಿದವರಲ್ಲೇ ಒಬ್ಬರಿಗೆ ಕಿವುಡು, ಇನ್ನೊಬ್ಬರಿಗೆ ಸಕ್ಕರೆ ಕಾಯಿಲೆ, ಮತ್ತೊಬ್ಬರಿಗೆ ಏನೂ ಇಲ್ಲದಿರಬಹುದು. ಆದ್ದರಿಂದ ಎಳೆಯರಿಗೆ ಲಕ್ವದಂಥದ್ದು ಬಂದಾಗ, ತಾಯಿಯ ಕಡೆಯಲ್ಲಿ ಚಿಕ್ಕಂದಿನಲ್ಲೇ ಕಿವಿ ಮಂದವಾದವರು, ಸಕ್ಕರೆ ಕಾಯಿಲೆಯವರು, ಫಿಟ್ಸ್ ಇದ್ದವರು ಯಾರಾದರೂ ಇದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಬೇಕು.